ಮೂರೂವರೆ ಸಾವಿರದ ಪ್ರಿಂಟರ್, ಒಂಬತ್ತು ಸಾವಿರದ ಇಂಕ್: ಒಂದು ವರ್ಷದ ನನ್ನ ಲೆಕ್ಕ ನೋಡಿ, ಸಲಹೆ ಕೊಡಿ

ಭಾನುವಾರದ ಟೀಚರ್, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಜೂನ್ ಹತ್ತಿರ ಬಂತು. ಶಾಲೆ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಹೊಸ ಪ್ರಿಂಟರ್ ಬರುತ್ತದೆ. ಕೊಳ್ಳುವ ಮುಂಚೆ ನನ್ನ ಲೆಕ್ಕವನ್ನು ಒಮ್ಮೆ ನೋಡಿ. ಆಮೇಲೆ ನನಗೂ ಒಂದು ದಾರಿ ಹೇಳಿ.

ನಮ್ಮ ಸೊಸೈಟಿಯ ಕೋಣೆಯಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. 11 ಮಕ್ಕಳಿದ್ದಾರೆ. ಕುಂದಾಪುರದವರು, ಮಂಗಳೂರಿನವರು, ವಿಜಯಪುರದವರು, ಕಲಬುರಗಿಯವರು. ಹೊರಗೆ ಮರಾಠಿ, ಹಿಂದಿ. ಮನೆಯಲ್ಲಿ ಅಜ್ಜಿ ಮಾತಾಡಿದರೆ ಅರ್ಥವಾಗುತ್ತದೆ, ಆದರೆ ಓದಲು ಬರುವುದಿಲ್ಲ. ಅದಕ್ಕೇ ವಾರಕ್ಕೊಂದು ಹಾಳೆ ಮಾಡುತ್ತೇನೆ. ಚುಕ್ಕಿ ಚುಕ್ಕಿ ಅಕ್ಷರದ ಮೇಲೆ ಮಕ್ಕಳು ಪೆನ್ಸಿಲ್‌ನಲ್ಲಿ ತಿದ್ದಬೇಕು. ಕೆಳಗೆ ಒಂದು ಚಿತ್ರ. ಸುತ್ತ ಅರಿಶಿನ ಕುಂಕುಮ ಬಣ್ಣದ ಅಂಚು. ಆ ಅಂಚು ಕಂಡರೆ ಮಕ್ಕಳಿಗೆ ತುಂಬಾ ಖುಷಿ.

ಇದಕ್ಕೆಂದೇ ಕಳೆದ ಜೂನ್‌ನಲ್ಲಿ ಪ್ರಿಂಟರ್ ತಂದೆವು. ಬೆಲೆ 3,499 ರೂಪಾಯಿ. ಸ್ಕ್ಯಾನ್, ಜೆರಾಕ್ಸ್ ಎಲ್ಲಾ ಇದೆ. ಇಷ್ಟು ಕಡಿಮೆಗೆ ಸಿಕ್ಕಿತಲ್ಲ ಎಂದು ಮನೆಯವರೆಲ್ಲ ಸಂತೋಷಪಟ್ಟೆವು. ನಮ್ಮ ಅತ್ತೆ ಹಾಲಿನ ಲೆಕ್ಕವನ್ನು ಕ್ಯಾಲೆಂಡರ್ ಮೇಲೆ ಬರೆದಿಡುತ್ತಾರೆ, ಒಂದು ದಿನವೂ ತಪ್ಪುವುದಿಲ್ಲ. ಅದನ್ನು ನೋಡಿ ನಾನೂ ಪ್ರಿಂಟರ್‌ಗೆ ಒಂದು ನೋಟ್‌ಬುಕ್ ಇಟ್ಟೆ. ಎಷ್ಟು ಪುಟ, ಯಾವ ದಿನ, ಯಾವ ಕಾರ್ಟ್ರಿಡ್ಜ್ ಹಾಕಿದೆ, ಬಿಲ್ ಎಷ್ಟು ಎಲ್ಲವೂ ಅದರಲ್ಲಿದೆ.

ವರ್ಷ ಮುಗಿಯಿತು. ಕಪ್ಪು ಕಾರ್ಟ್ರಿಡ್ಜ್ 7, ಒಂದಕ್ಕೆ 750 ರೂಪಾಯಿ. ಬಣ್ಣದ್ದು 4, ಒಂದಕ್ಕೆ 950. ಒಟ್ಟು 9,050 ರೂಪಾಯಿ ಬರೀ ಇಂಕ್‌ಗೆ. ಬಂದ ಪುಟ 612. ಅದರಲ್ಲಿ 440 ನನ್ನ ಭಾನುವಾರದ ಹಾಳೆ, ಉಳಿದ 172 ಮಗಳ ಶಾಲೆಯದ್ದು ಮತ್ತು ಮನೆಯದ್ದು. ಅಂದರೆ ಪುಟಕ್ಕೆ ಹದಿನಾಲ್ಕು ರೂಪಾಯಿ ಎಂಬತ್ತು ಪೈಸೆ ಬಂತು. ಕಾಗದದ ಖರ್ಚು ಇದರಲ್ಲಿಲ್ಲ. ಪ್ರಿಂಟರ್ ಬೆಲೆ ಸೇರಿಸಿದರೆ ಇಪ್ಪತ್ತು ದಾಟುತ್ತದೆ. ನಮ್ಮ ಸ್ಟೇಷನ್ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರಿಂಟ್ ಐದು ರೂಪಾಯಿ. ಅಲ್ಲೇ ಮಾಡಿಸಿದ್ದರೆ 3,060ಕ್ಕೆ ಎಲ್ಲವೂ ಮುಗಿಯುತ್ತಿತ್ತು.

ದುಡ್ಡಿಗಿಂತ ಹೆಚ್ಚು ನೋವಾಗಿದ್ದು ಡಿಸೆಂಬರ್‌ನ ಒಂದು ರಾತ್ರಿ. ಮರುದಿನ ಮಗಳ ಪ್ರಾಜೆಕ್ಟ್ ಕೊಡಬೇಕಿತ್ತು. ಎರಡೇ ಪುಟ, ಕಪ್ಪಕ್ಷರ. ಕಪ್ಪು ಕಾರ್ಟ್ರಿಡ್ಜ್ ಹಿಂದಿನ ವಾರವಷ್ಟೇ ಹಾಕಿದ್ದೆ. ಬಣ್ಣದ್ದು ಮುಗಿದಿದೆ ಎಂದು ಮಷಿನ್ ಕೆಲಸವನ್ನೇ ನಿಲ್ಲಿಸಿತು. ಸ್ಕ್ಯಾನ್ ಕೂಡ ಮಾಡಲಿಲ್ಲ. ಒಂಬತ್ತೂವರೆಗೆ ಓಡಿಹೋದರೆ ಅಂಗಡಿ ಬಾಗಿಲು ಹಾಕಿತ್ತು. ಮಗಳು ಕೈಯಲ್ಲೇ ಎಲ್ಲ ಬರೆದು ಹನ್ನೊಂದೂವರೆಗೆ ಮಲಗಿದಳು.

ಈಗ ನನ್ನ ಪ್ರಶ್ನೆ. ಈ ಜೂನ್‌ನಿಂದ ಮಕ್ಕಳು 22 ಆಗುತ್ತಾರೆ. ಒಬ್ಬೊಬ್ಬರಿಗೆ ವಾರಕ್ಕೆ ಎರಡು ಹಾಳೆ ಕೊಡಬೇಕೆಂದಿದ್ದೇನೆ. ವರ್ಷಕ್ಕೆ 40 ಭಾನುವಾರ ಎಂದರೂ 1,760 ಹಾಳೆ. ಫೀಸು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳುವ ಮನಸ್ಸೂ ಇಲ್ಲ. ಈ ಮಷಿನ್‌ನಲ್ಲಿ ಇದು ಸಾಧ್ಯವಿಲ್ಲ. ಏನು ಮಾಡಲಿ?


ರಿಪೇರಿ ಟೇಬಲ್, ಪುಣೆ

ಟೀಚರಮ್ಮ, ನಮಸ್ಕಾರ. ನಾನು ಹುಬ್ಬಳ್ಳಿಯವನು. ಪುಣೆಗೆ ಬಂದು ಇಪ್ಪತ್ತು ವರ್ಷ ಆಯಿತು, ಪ್ರಿಂಟರ್ ರಿಪೇರಿಯೇ ನನ್ನ ಕೆಲಸ. ನಿಮ್ಮ ಹಾಗೆ ನೋಟ್‌ಬುಕ್ ಇಟ್ಟ ಗಿರಾಕಿಯನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು. ಪ್ರಿಂಟರ್ ಯಾವಾಗಲೂ ಹೀಗೆ ಅಗ್ಗ ಇರಲಿಲ್ಲ. 1988ರಲ್ಲಿ ಎಚ್‌ಪಿ ಕಂಪನಿ ಮೊದಲ ಡೆಸ್ಕ್‌ಜೆಟ್ ತಂದಾಗ ಅದರ ಬೆಲೆ ಸುಮಾರು ಸಾವಿರ ಡಾಲರ್. ಆಮೇಲೆ ಮಷಿನ್ ಬೆಲೆ ಇಳಿಯುತ್ತಾ ಹೋಯಿತು, ಕಂಪನಿಗಳ ಗಳಿಕೆ ಇಂಕ್ ಕಡೆಗೆ ತಿರುಗಿತು. ಅಗ್ಗದ ಪ್ರಿಂಟರ್ ಮಾರಿದ ದಿನ ಕಂಪನಿಗೆ ಹೆಚ್ಚೇನೂ ಸಿಗುವುದಿಲ್ಲ. ನೀವು ಮುಂದೆ ಕೊಳ್ಳುವ ಕಾರ್ಟ್ರಿಡ್ಜ್‌ಗಳಲ್ಲಿ ಅದರ ಲಾಭ ಇದೆ. ನೀವು ಕೊಟ್ಟ 3,499 ಬರೀ ಮುಂಗಡ ನೋಡ್ರಿ.

ಇನ್ನು, ಪೆಟ್ಟಿಗೆಯ ಮೇಲೆ ‘120 ಪುಟ’ ಅಂತ ಇರುತ್ತದಲ್ಲ, ಅದು ಸುಳ್ಳಲ್ಲ. ಆದರೆ ಆ ಲೆಕ್ಕ ನಿಮ್ಮ ಮನೆಯದಲ್ಲ. ಐಎಸ್‌ಒ 24711 ಎಂಬ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅಳೆಯುತ್ತಾರೆ. ಗೊತ್ತುಮಾಡಿದ ಐದು ಪುಟಗಳ ಒಂದು ಕಟ್ಟು ಇದೆ. 23 ಡಿಗ್ರಿ ಆಸುಪಾಸಿನ ಕೋಣೆಯಲ್ಲಿ ಅದನ್ನೇ ಮತ್ತೆ ಮತ್ತೆ, ಸಾಲಾಗಿ ಪ್ರಿಂಟ್ ಮಾಡುತ್ತಾರೆ. ಮನೆಯಲ್ಲಿ ಯಾರು ಹಾಗೆ ಮಾಡುತ್ತಾರೆ? ಎರಡು ಪುಟ ತೆಗೆದು ಸ್ವಿಚ್ ಆರಿಸುತ್ತೇವೆ. ನಾಲ್ಕು ದಿನ ಬಿಟ್ಟು ಮತ್ತೆ ಹಾಕುತ್ತೇವೆ. ಆಗ ಗರ್ರ್ ಗರ್ರ್ ಅಂತ ಸದ್ದು ಬರುತ್ತದಲ್ಲ, ಆ ಹೊತ್ತಿನಲ್ಲಿ ಮಷಿನ್ ತನ್ನ ತೂತುಗಳನ್ನು ಇಂಕ್‌ನಿಂದಲೇ ತೊಳೆದುಕೊಳ್ಳುತ್ತಿರುತ್ತದೆ. ಆ ಇಂಕ್ ಕಾಗದಕ್ಕೆ ಬರುವುದೇ ಇಲ್ಲ. ಒಳಗಿರುವ ದಪ್ಪ ಹತ್ತಿಯಂಥ ಪ್ಯಾಡ್‌ಗೆ ಹೋಗುತ್ತದೆ. ಹಳೆಯ ಪ್ರಿಂಟರ್ ಬಿಚ್ಚಿದಾಗ ಆ ಪ್ಯಾಡ್ ಒದ್ದೆ ಮುದ್ದೆಯಾಗಿ ಕೈಗೆ ಬರುತ್ತದೆ. ಗಿರಾಕಿಗಳಿಗೆ ತೋರಿಸಿದರೆ, ‘ಇದಕ್ಕೆಲ್ಲ ನಾನೇ ದುಡ್ಡು ಕೊಟ್ಟಿದ್ದಾ?’ ಎಂದು ಕೇಳುತ್ತಾರೆ. ಹೌದು, ಅವರೇ ಕೊಟ್ಟಿದ್ದು.

ನಿಮ್ಮ 7 ಕಪ್ಪು ಕಾರ್ಟ್ರಿಡ್ಜ್‌ಗೆ 840 ಪುಟ ಬರಬೇಕಿತ್ತು. ಬಣ್ಣದ್ದನ್ನೂ ಸೇರಿಸಿ 612 ಬಂದಿದೆ. ನನಗೆ ಆಶ್ಚರ್ಯ ಆಗಲಿಲ್ಲ. ವಾರಕ್ಕೊಮ್ಮೆ ಬಳಸುವವರಿಗೆ ಹೀಗೇ ಆಗುತ್ತದೆ.

ಈಗ ನಿಮ್ಮ ಅರಿಶಿನ ಕುಂಕುಮದ ಅಂಚಿನ ವಿಷಯ. ನಿಮ್ಮ ಮಷಿನ್‌ನ ಬಣ್ಣದ ಕಾರ್ಟ್ರಿಡ್ಜ್ ಒಂದೇ ಡಬ್ಬಿ, ಒಳಗೆ ಮೂರು ಗೂಡು: ನೀಲಿ, ಗುಲಾಬಿ, ಹಳದಿ. ಅರಿಶಿನಕ್ಕೆ ಹಳದಿ ಬೇಕು. ಕುಂಕುಮದ ಕೆಂಪಿಗೆ ಗುಲಾಬಿಯ ಜೊತೆ ಮತ್ತೆ ಹಳದಿಯೇ ಬೇಕು. ಹಾಗಾಗಿ ಪ್ರತಿ ಹಾಳೆಯಲ್ಲೂ ಹಳದಿ ಎರಡು ಕಡೆ ಖರ್ಚಾಗಿದೆ. ನೀಲಿ ಹಾಗೇ ಕೂತಿದೆ. ಹಳದಿ ಮುಗಿದ ಕೂಡಲೇ ಡಬ್ಬಿಯನ್ನೇ ಬಿಸಾಡಬೇಕು. ನಿಮ್ಮ ನಾಲ್ಕೂ ಡಬ್ಬಿಗಳಲ್ಲಿ ನೀಲಿ ಉಳಿದೇ ಹೋಗಿರುತ್ತದೆ ಎಂದು ನನಗೆ ಖಾತ್ರಿ ಇದೆ.

ಕಂಪನಿಯ ಪರವಾಗಿಯೂ ಒಂದು ಮಾತು ಹೇಳಬೇಕು. ನಿಮ್ಮಂಥ ಮಷಿನ್‌ನಲ್ಲಿ ಪ್ರಿಂಟ್ ಮಾಡುವ ತಲೆ, ಅಂದರೆ ಹೆಡ್, ಕಾರ್ಟ್ರಿಡ್ಜ್‌ನಲ್ಲೇ ಇರುತ್ತದೆ. ಕೂದಲಿಗಿಂತ ಸಣ್ಣ ತೂತುಗಳು, ಅವುಗಳ ಹಿಂದೆ ಇಂಕನ್ನು ಕಾಯಿಸಿ ಗುಳ್ಳೆ ಎಬ್ಬಿಸುವ ಸರ್ಕ್ಯೂಟ್. ಪ್ರತಿ ಸಲ ನೀವು ಹೊಸ ಹೆಡ್ ಕೊಳ್ಳುತ್ತೀರಿ. ಆದ್ದರಿಂದ ಬೆಲೆ ಪೂರ್ತಿ ಮೋಸ ಅನ್ನಲಾರೆ. ಆದರೆ ಇಷ್ಟು ಖರ್ಚಿನ ವಸ್ತುವಿನೊಳಗೆ ಅಷ್ಟು ಕಡಿಮೆ ಇಂಕ್ ಹಾಕಿ ಕೊಡುವುದು ನನಗೆ ಮೊದಲಿನಿಂದಲೂ ಸರಿ ಕಂಡಿಲ್ಲ.


ಟ್ಯಾಂಕೇ ಸರಿ, ಪಿಂಪ್ರಿ

ಅಕ್ಕಾ, ಯೋಚನೆ ಬೇಡ, ಇಂಕ್ ಟ್ಯಾಂಕ್ ಪ್ರಿಂಟರ್ ತಗೊಳ್ಳಿ. ನನ್ನ ಹತ್ತಿರ ಎಪ್ಸನ್ ಎಲ್3150 ಇದೆ. ಬಾಟಲಿಯಿಂದ ನಾವೇ ಇಂಕ್ ಸುರಿಯುವುದು. ಕಪ್ಪು ಬಾಟಲಿ 65 ಎಂಎಲ್, ಕಂಪನಿ ಲೆಕ್ಕದಲ್ಲಿ 4,500 ಪುಟ. ಬಣ್ಣದ ಮೂರೂ ಸೇರಿ 7,500. ನಾನು ಬಾಟಲಿಗೆ ನಾನೂರರ ಆಸುಪಾಸು ಕೊಡುತ್ತೇನೆ. ಕಪ್ಪು ಪುಟಕ್ಕೆ ಹತ್ತು ಪೈಸೆಯೂ ಬೀಳುವುದಿಲ್ಲ! ಮಷಿನ್‌ಗೆ 12 ಸಾವಿರ ಕೊಟ್ಟೆ. ಹೆಂಡತಿ ಟ್ಯೂಷನ್ ಮಾಡುತ್ತಾಳೆ, ದಿನಾ ಮೂವತ್ತು ನಲವತ್ತು ಪುಟ ಬೇಕು. ಯಾವ ತಕರಾರೂ ಇಲ್ಲ.


ರಿಪೇರಿ ಟೇಬಲ್, ಪುಣೆ

ದಿನಾ ಮೂವತ್ತು ಪುಟ ಇರುವ ಮನೆಗೆ ಟ್ಯಾಂಕ್‌ಗಿಂತ ಒಳ್ಳೆಯದಿಲ್ಲ, ಒಪ್ಪಿದೆ. ಅದು ಬಂದ ಬಗೆಯೂ ಚೆನ್ನಾಗಿದೆ. ಕಾರ್ಟ್ರಿಡ್ಜ್ ಬೆಲೆಗೆ ಬೇಸತ್ತು ಏಷ್ಯಾದ ಎಷ್ಟೋ ಊರುಗಳಲ್ಲಿ ಅಂಗಡಿಯವರೇ ಹೊರಗೆ ಬಾಟಲಿ ಕಟ್ಟಿ, ಪೈಪ್ ಎಳೆದು, ಪ್ರಿಂಟರ್‌ಗೆ ಇಂಕ್ ಕುಡಿಸುತ್ತಿದ್ದರು. ನಾನೂ ಹಾಗೆ ಮಾಡಿಕೊಟ್ಟಿದ್ದೇನೆ. ಅದನ್ನು ನೋಡಿ ಎಪ್ಸನ್ 2010ರಲ್ಲಿ ಇಂಡೋನೇಷ್ಯಾದಲ್ಲಿ ತಾನೇ ಟ್ಯಾಂಕ್ ಇರುವ ಪ್ರಿಂಟರ್ ತಂದಿತು. ಆಮೇಲೆ ಕ್ಯಾನನ್, ಎಚ್‌ಪಿ, ಬ್ರದರ್ ಎಲ್ಲರೂ ಅದೇ ದಾರಿ ಹಿಡಿದರು.

ಆದರೆ ಟ್ಯಾಂಕ್ ಮಷಿನ್ ಸುಮ್ನೆ ಕೂತರೆ ಕೆಡುತ್ತದೆ. ಎಪ್ಸನ್‌ನಂಥದ್ದರಲ್ಲಿ ಹೆಡ್ ಮಷಿನ್‌ಗೇ ಕೂಡಿಕೊಂಡಿರುತ್ತದೆ, ಕಾರ್ಟ್ರಿಡ್ಜ್ ಜೊತೆ ಬದಲಾಗುವುದಿಲ್ಲ. ಮೇ ತಿಂಗಳಲ್ಲಿ ಊರಿಗೆ ಹೋಗಿ ಆರು ವಾರ ಬಿಟ್ಟು ಬರುತ್ತೀರಿ, ಇಂಕ್ ತೂತಿನಲ್ಲಿ ಒಣಗಿರುತ್ತದೆ. ಜೂನ್‌ನಲ್ಲಿ ನನ್ನ ಟೇಬಲ್ ತುಂಬ ಇಂಥ ಮಷಿನ್‌ಗಳೇ. ಕೆಲವು ತೊಳೆದರೆ ಸರಿಯಾಗುತ್ತವೆ. ಹೆಡ್ಡೇ ಹೋದರೆ ಮಷಿನ್ ಬೆಲೆಯ ದೊಡ್ಡ ಭಾಗ ಅದಕ್ಕೇ ಬೇಕು. ಟ್ಯಾಂಕ್ ಇಟ್ಟುಕೊಂಡವರು ವಾರಕ್ಕೊಂದು ಸಲ ನಾಲ್ಕೂ ಬಣ್ಣ ಇರುವ ಒಂದು ಪುಟ ತೆಗೆಯಲೇಬೇಕು. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಗಿಡಕ್ಕೆ ನೀರು ಹಾಕಲು ಹೇಳುತ್ತೀರಲ್ಲ, ಹಾಗೇ ಇದಕ್ಕೂ ಹೇಳಿ ಹೋಗಿ.


ಕಡಲ ಪಕ್ಕ, ವಾಸ್ಕೊ

ಗೋವಾದಿಂದ ನನ್ನ ಅನುಭವ. ನಾನು ದುಡ್ಡು ಉಳಿಸಲು ಸಿರಿಂಜ್‌ನಲ್ಲಿ ರೀಫಿಲ್ ಮಾಡಿದೆ. ಮೊದಲ ಸಲ ಚೆನ್ನಾಗಿ ಬಂತು. ಎರಡನೇ ಸಲ ಗೆರೆ ಗೆರೆ. ಮೂರನೇ ಸಲ ಮಷಿನ್ ಕಾರ್ಟ್ರಿಡ್ಜನ್ನು ಗುರುತಿಸಲೇ ಇಲ್ಲ. ಟೇಬಲ್ ಬಟ್ಟೆಯ ಮೇಲೆ ಬಿದ್ದ ನೀಲಿ ಕಲೆ ಇನ್ನೂ ಹೋಗಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಾಗದ ತೇವ ಕುಡಿಯುತ್ತದೆ. ಜುಲೈನಲ್ಲಿ ಹಾಳೆ ಬಾಳೆಲೆಯ ಹಾಗೆ ಸುರುಳಿ ಸುತ್ತಿ ಎರಡು ಮೂರು ಒಟ್ಟಿಗೆ ಒಳಗೆ ಹೋಗುತ್ತವೆ, ಸಿಕ್ಕಿಕೊಳ್ಳುತ್ತವೆ. ತೇವದ ಹಾಳೆಯಲ್ಲಿ ಇಂಕ್ ಹರಡುತ್ತದೆ, ಸಣ್ಣ ಒತ್ತಕ್ಷರ ಮುದ್ದೆಯಾಗುತ್ತದೆ. ‘ತ್ತ’ ಯಾವುದು ‘ತ್ರ’ ಯಾವುದು ಎಂದು ಮಗು ಹೇಗೆ ಓದಬೇಕು? ಆ ಹಾಳೆ ಬಿಸಾಡಿ ಮತ್ತೆ ತೆಗೆಯಬೇಕು. ಇಂಕ್ ಖರ್ಚಿನಲ್ಲಿ ಇದೂ ಸೇರುತ್ತದೆ ಅಲ್ವಾ? ರಿಮ್‌ನ ಹೊರಕಾಗದ ತೇವ ತಡೆಯುವಂಥದ್ದೇ. ಅದನ್ನು ಪೂರ್ತಿ ಹರಿಯಬೇಡಿ. ಬೇಕಾದಷ್ಟು ಹಾಳೆ ತೆಗೆದು, ಉಳಿದಿದ್ದನ್ನು ಅದರಲ್ಲೇ ಮಡಿಚಿ, ಅಕ್ಕಿ ಡಬ್ಬದಂಥ ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿಡಿ. ಟ್ರೇಯಲ್ಲಿ ಹಾಳೆ ಬಿಟ್ಟು ಮಲಗಬೇಡಿ.

ಈಗ ನಾನು ಕಪ್ಪು ಬಿಳುಪಿನ ಲೇಸರ್ ಬಳಸುತ್ತಿದ್ದೇನೆ. ಅದರಲ್ಲಿ ಇಂಕ್ ಬದಲು ಟೋನರ್ ಎಂಬ ಪುಡಿ, ಒಣಗುವ ಮಾತೇ ಇಲ್ಲ. ಎರಡು ತಿಂಗಳು ಬಿಟ್ಟು ಹಾಕಿದರೂ ಮೊದಲ ಪುಟವೇ ಸ್ವಚ್ಛ.


ಜೆರಾಕ್ಸ್ ಕಾಕಾ, ಮುಲುಂಡ್

ಇಪ್ಪತ್ತೆರಡು ವರ್ಷದಿಂದ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಊರು ಕಾರ್ಕಳ. ನಮ್ಮ ಲೆಕ್ಕವನ್ನು ಮುಚ್ಚಿಡದೆ ಹೇಳುತ್ತೇನೆ, ಟೀಚರ್‌ಗೆ ಉಪಯೋಗವಾಗಬಹುದು.

ನನ್ನ ಅಂಗಡಿಯಲ್ಲಿ ಇವತ್ತಿಗೂ ಓಡುತ್ತಿರುವುದು ಎಚ್‌ಪಿ ಲೇಸರ್‌ಜೆಟ್ 1020. ಹಳೇ ಮಷಿನ್, ಆದರೆ ಗಟ್ಟಿ. ಅದರ 12ಎ ಟೋನರ್ 2,000 ಪುಟದ್ದು. ಹುಡುಗ ಬಂದು ಪುಡಿ ತುಂಬಿ ಹೋಗುತ್ತಾನೆ, 300 ರೂಪಾಯಿ. ಪುಟಕ್ಕೆ 15 ಪೈಸೆ. ಕಾಗದ 55 ಪೈಸೆ. ಡ್ರಮ್, ಬ್ಲೇಡ್ ಆಗಾಗ ಬದಲಿಸಬೇಕು. ಆಮೇಲೆ ಕರೆಂಟ್, ಬಾಡಿಗೆ, ಹುಡುಗನ ಸಂಬಳ. ಬಿಡಿ ಪ್ರಿಂಟ್‌ಗೆ ನಾನು 3 ರೂಪಾಯಿ ತೆಗೆದುಕೊಳ್ಳುತ್ತೇನೆ. ಜೆರಾಕ್ಸ್ 2. ಒಂದೇ ಹಾಳೆಯ ಪ್ರತಿ ಜಾಸ್ತಿ ಇದ್ದರೆ ಒಂದೂವರೆಗೂ ಮಾಡಿಕೊಡುತ್ತೇನೆ, ಕಾಗದ ನಮ್ಮದೇ. ಡೊಂಬಿವಲಿಯಲ್ಲೂ ಕೇಳಿ ನೋಡಿ. ಪ್ರತಿ ವಾರ ತಪ್ಪದೆ ಬರುವ ಗಿರಾಕಿ ಅಂದರೆ ಯಾವ ಅಂಗಡಿಯವನೂ ಬೇಡ ಅನ್ನುವುದಿಲ್ಲ.

ಟೀಚರಮ್ಮ, ನಿಮಗೆ 44 ಪ್ರಿಂಟ್ ಬೇಕಾಗಿಲ್ಲ. ಎರಡು ಮೂಲ ಹಾಳೆ ಬೇಕು, ಉಳಿದದ್ದು ಜೆರಾಕ್ಸ್. ಎಷ್ಟೋ ಜನ ಇದನ್ನು ಗಮನಿಸುವುದಿಲ್ಲ. ಅದೇ ಪುಟವನ್ನು ಮೂವತ್ತು ಸಲ ಇಂಕ್‌ನಲ್ಲಿ ತೆಗೆಯುತ್ತಾರೆ.


ಬಾಗಿಲ ತೋರಣ, ಠಾಣೆ

ಕಾಕಾ, ನಿಮ್ಮಂಥವರ ಬಗ್ಗೆ ನನಗೆ ಗೌರವ ಇದೆ. ಆದರೆ ಎಲ್ಲವನ್ನೂ ಅಂಗಡಿಯಲ್ಲಿ ಮಾಡಿಸಲು ನನಗೆ ಭಯ. ಆಧಾರ್, ಪಾನ್, ಬ್ಯಾಂಕ್ ಕಾಗದ ಎಲ್ಲವನ್ನೂ ಅಂಗಡಿಯ ವಾಟ್ಸಾಪ್‌ಗೆ ಕಳಿಸುತ್ತೇವೆ. ಕೆಲಸ ಮುಗಿದ ಮೇಲೂ ಅದು ಆ ಕಂಪ್ಯೂಟರ್‌ನಲ್ಲಿ ಉಳಿಯುತ್ತದೆ. ಒಮ್ಮೆ ಒಂದು ಅಂಗಡಿಯಲ್ಲಿ ನನ್ನ ಫೈಲ್ ಹುಡುಕುವಾಗ ಪರದೆಯ ಮೇಲೆ ಹತ್ತಾರು ಜನರ ಆಧಾರ್ ಸಾಲಾಗಿ ಕಂಡಿತು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಬ್ಬಳೇ ಇರುವ ಹೆಂಗಸಿನ ವಿಳಾಸ, ಫೋಟೋ ಎಲ್ಲ ಅದರಲ್ಲಿರುತ್ತದೆ ನೋಡಿ. ಅದಕ್ಕೇ ನಾನು ಪುಟಕ್ಕೆ ಜಾಸ್ತಿ ಬಿದ್ದರೂ ಮನೆಯಲ್ಲಿ ಒಂದು ಪ್ರಿಂಟರ್ ಇಟ್ಟಿದ್ದೇನೆ.


ಜೆರಾಕ್ಸ್ ಕಾಕಾ, ಮುಲುಂಡ್

ತಂಗಿ, ನೀನು ಹೇಳಿದ್ದು ಸರಿ. ನಮ್ಮ ಕಡೆಯಿಂದ ತಪ್ಪಾಗುತ್ತಿದೆ. ಇವತ್ತು ಅಂಗಡಿಗೆ ಹೋದವನೇ ಹಳೇ ಫೈಲ್ ಎಲ್ಲ ಅಳಿಸಿದೆ. ರಾತ್ರಿ ಬಾಗಿಲು ಹಾಕುವ ಮುಂಚೆ ಅಳಿಸಬೇಕು ಎಂದು ಹುಡುಗನಿಗೂ ಹೇಳಿದ್ದೇನೆ. ಗಿರಾಕಿಗಳು ಪೆನ್‌ಡ್ರೈವ್‌ನಲ್ಲಿ ತಂದು, ಪ್ರಿಂಟ್ ತೆಗೆಸಿ, ವಾಪಸ್ ತಗೊಂಡು ಹೋದರೆ ಇನ್ನೂ ಒಳ್ಳೆಯದು. ಆಧಾರ್ ಬೇಕಾದರೆ ಅದನ್ನು ಕೊಡುವ ಸಂಸ್ಥೆ ಯುಐಡಿಎಐಯ ಸೈಟ್‌ನಲ್ಲಿ ಮಾಸ್ಕ್ ಮಾಡಿದ ಆಧಾರ್ ಸಿಗುತ್ತದೆ, ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುತ್ತದೆ. ನಂಬರ್ ಪೂರ್ತಿ ಬೇಡದ ಕಡೆ ಅದನ್ನೇ ಕೊಡಿ.


ಕಾಯ್ದೆ ಓದುವವ, ಪುಣೆ

ಬಣ್ಣ ಮುಗಿದರೆ ಸ್ಕ್ಯಾನ್ ಕೂಡ ಮಾಡುವುದಿಲ್ಲ ಎಂದು ಟೀಚರ್ ಬರೆದಿದ್ದು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಕಾನೂನು ವಿದ್ಯಾರ್ಥಿ.

ಇದು ಎಲ್ಲ ಕಡೆ ನಡೆದಿರುವ ಜಗಳ. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಎಷ್ಟೋ ಆಫೀಸ್‌ಜೆಟ್ ಪ್ರಿಂಟರ್‌ಗಳು ಬೇರೆ ಕಂಪನಿಯ ಕಾರ್ಟ್ರಿಡ್ಜ್ ಬೇಡ ಎಂದು ಇದ್ದಕ್ಕಿದ್ದಂತೆ ನಿಂತವು. ಅವುಗಳ ಸಾಫ್ಟ್‌ವೇರನ್ನೇ ಹಾಗೆ ಬರೆದಿಟ್ಟಿದ್ದರು. ಗಲಾಟೆಯಾದ ಮೇಲೆ ಆ ತಡೆ ತೆಗೆಯುವ ಸಾಫ್ಟ್‌ವೇರ್ ಬದಲಾವಣೆಯನ್ನು ಕಂಪನಿ ಕೊಟ್ಟಿತು. ಇದೇ ಬಗೆಯ ತಡೆಯನ್ನು ಗಿರಾಕಿಗಳಿಗೆ ಸರಿಯಾಗಿ ತಿಳಿಸಲಿಲ್ಲ ಎಂದು 2020ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಅದಕ್ಕೆ 1 ಕೋಟಿ ಯೂರೊ ದಂಡ ಹಾಕಿತು. 2017ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಲೆಕ್ಸ್‌ಮಾರ್ಕ್ ಕಂಪನಿಯ ಕೇಸಿನಲ್ಲಿ ಒಂದು ಮುಖ್ಯ ಮಾತು ಹೇಳಿತು. ಕಾರ್ಟ್ರಿಡ್ಜನ್ನು ಒಮ್ಮೆ ಮಾರಿದ ಮೇಲೆ ಅದರ ಮೇಲಿನ ಪೇಟೆಂಟ್ ಹಕ್ಕು ಅಲ್ಲಿಗೇ ಮುಗಿಯಿತು. ಖಾಲಿ ಡಬ್ಬಿಗೆ ಮತ್ತೆ ತುಂಬಿ ಮಾರುವವರನ್ನು ಪೇಟೆಂಟ್ ಹೆಸರಿನಲ್ಲಿ ತಡೆಯುವ ಹಾಗಿಲ್ಲ.

ಇನ್ನೊಂದು ಸಂಗತಿ ಕೇಳಿ. ಡಬ್ಬಿ ಕಂಪನಿಯದ್ದೇ ಎಂದು ಮಷಿನ್ ಗುರುತಿಸುವುದು ಅದರ ಮೇಲಿನ ಚಿಪ್‌ನಿಂದ. 2022ರ ಜನವರಿಯಲ್ಲಿ ಚಿಪ್‌ಗಳ ಕೊರತೆ ಇತ್ತು. ಆಗ ಕ್ಯಾನನ್ ಚಿಪ್ ಇಲ್ಲದ ಟೋನರ್ ಕಳಿಸಬೇಕಾಯಿತು. ಮಷಿನ್‌ಗಳು ಅದನ್ನು ಒಪ್ಪದೆ ಎಚ್ಚರಿಕೆ ತೋರಿಸಿದಾಗ, ಅದನ್ನು ದಾಟಿ ಮುಂದೆ ಹೋಗುವುದು ಹೇಗೆಂದು ಜರ್ಮನಿಯಲ್ಲಿ ಕಂಪನಿಯೇ ಗಿರಾಕಿಗಳಿಗೆ ಹೇಳಿಕೊಟ್ಟಿತು. ಹಾಗಾದರೆ ಚಿಪ್ ಇಲ್ಲದೆಯೂ ಪ್ರಿಂಟ್ ಆಗುತ್ತದೆ ಎಂದಾಯಿತಲ್ಲ!

ನಮ್ಮಲ್ಲಿ 2019ರ ಗ್ರಾಹಕ ರಕ್ಷಣಾ ಕಾಯ್ದೆ ಇದೆ. ಪೆಟ್ಟಿಗೆಯ ಮೇಲೆ ಹೇಳದ ಇಂಥ ಕಟ್ಟುಪಾಡು ಇದ್ದರೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಟೀಚರ್, ನಿಮ್ಮ ಬಿಲ್‌ಗಳು ಮತ್ತು ನೋಟ್‌ಬುಕ್ ಇದೆಯಲ್ಲ, ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ. ಬರೆದುಕೊಡಲು ನಾನು ಸಹಾಯ ಮಾಡುತ್ತೇನೆ.


ಹಳೇ ಸ್ಟೆನ್ಸಿಲ್, ಮಾಟುಂಗಾ

ಮಗಳೇ, ನನಗೆ ಎಪ್ಪತ್ತೊಂಬತ್ತು ವರ್ಷ. ಪ್ರಿಂಟರ್ ವಿಷಯ ನನಗೆ ಹೆಚ್ಚು ತಿಳಿಯದು. ಆದರೆ ನಿಮ್ಮ 22 ಮಕ್ಕಳ ಹಾಳೆಯ ವಿಷಯ ಓದಿ ನನ್ನ ಹಳೆಯ ದಿನಗಳು ಕಣ್ಣಿಗೆ ಬಂದವು.

ನಾನು ಉಡುಪಿಯಿಂದ ಬಂದು ಹಗಲು ಹೋಟೆಲಿನಲ್ಲಿ ಕೆಲಸ ಮಾಡಿ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವನು. ಆಮೇಲೆ ಅಲ್ಲೇ ಕೆಲವು ವರ್ಷ ಪಾಠವನ್ನೂ ಹೇಳಿದೆ. ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಆಗ ಸೈಕ್ಲೋಸ್ಟೈಲ್ ಇತ್ತು. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯ ಕಡ್ಡಿಯಿಂದ ಕೈಯಲ್ಲೇ ಬರೆಯಬೇಕು. ಇಂಗ್ಲಿಷ್ ಆದರೆ ಟೈಪ್ ಮಾಡುತ್ತಿದ್ದರು. ನಮ್ಮಲ್ಲಿ ಕನ್ನಡದ ಟೈಪ್‌ರೈಟರ್ ಇರಲಿಲ್ಲ. ಜೋರಾಗಿ ಒತ್ತಿದರೆ ಹಾಳೆ ಹರಿಯುತ್ತದೆ, ಮೆಲ್ಲಗೆ ಒತ್ತಿದರೆ ಇಂಕ್ ದಾಟುವುದಿಲ್ಲ. ‘ಠ’ ಬರೆಯುವಾಗ ಒಳಗಿನ ಗುಂಡು ಕಳಚಿ ಬೀಳುವ ಭಯ. ತಪ್ಪಾದರೆ ಗುಲಾಬಿ ಬಣ್ಣದ ದ್ರವ ಹಚ್ಚಿ, ಊದಿ ಒಣಗಿಸಿ, ಮೇಲೆ ಮತ್ತೆ ಬರೆಯುವುದು. ಆಮೇಲೆ ಉರುಳೆಗೆ ಸುತ್ತಿ ಹಿಡಿ ತಿರುಗಿಸಿದರೆ ಒಂದು ಸ್ಟೆನ್ಸಿಲ್‌ನಿಂದ ನೂರಾರು ಪ್ರತಿ. ಇಂಕ್ ಟ್ಯೂಬ್ ಒಂದು ತಂದರೆ ತಿಂಗಳುಗಟ್ಟಲೆ ಬರುತ್ತಿತ್ತು. ಅಂಗಿಯ ತೋಳಿಗೆ ಹತ್ತಿದ ಕಪ್ಪು ಮಾತ್ರ ಯಾವ ಸೋಪಿಗೂ ಹೋಗುತ್ತಿರಲಿಲ್ಲ.

ಒಂದು ಮಾತು ಕೇಳುತ್ತೇನೆ. ಮೂಲ ಹಾಳೆಯನ್ನು ಪ್ರಿಂಟ್ ಮಾಡಲೇಬೇಕೇ? ನನ್ನ ಕೈ ಇನ್ನೂ ನಡುಗುವುದಿಲ್ಲ. ಅಕ್ಷರ ದುಂಡಗೆ ಬರುತ್ತದೆ. ಕಪ್ಪು ಜೆಲ್ ಪೆನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ನಾನೇ ಬರೆದುಕೊಡುತ್ತೇನೆ. ವಾರಕ್ಕೆರಡು ಹಾಳೆ ನನಗೆ ಭಾರವಲ್ಲ. ಮೊಮ್ಮಗ ದಾದರ್‌ನಿಂದ ದಿನಾ ಡೊಂಬಿವಲಿ ಲೋಕಲ್ ಹತ್ತುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.


ರಿಪೇರಿ ಟೇಬಲ್, ಪುಣೆ

ಹಿರಿಯರ ಮಾತು ಓದಿ ಮತ್ತೆ ಲೆಕ್ಕ ಹಾಕಿದೆ. ಪಿಂಪ್ರಿ ಅಣ್ಣ ಬೇಸರ ಮಾಡಬಾರದು.

ಮೂರು ವರ್ಷಕ್ಕೆ ತರಗತಿಯ ಹಾಳೆ 5,280. ಟ್ಯಾಂಕ್ ಮಷಿನ್ 12,000. ಇಂಕ್ ಮೊದಲ ಸಲ ಜೊತೆಯಲ್ಲೇ ಬರುತ್ತದೆ, ಆಮೇಲೆ ಒಂದು ಕಪ್ಪು ಬಾಟಲಿ 400. ಕಾಗದ 3,000ದ ಹತ್ತಿರ. ಒಟ್ಟು ಹದಿನೈದು ಸಾವಿರದ ಮೇಲೆ. ಜೆರಾಕ್ಸ್ ಒಂದೂವರೆ ರೂಪಾಯಿಯಂತೆ 7,920. ಅದರಲ್ಲೇ ಕಾಗದವೂ ಬಂತು. ಹೆಚ್ಚುಕಡಿಮೆ ಅರ್ಧ. ರಿಪೇರಿಯವನಾಗಿ ಹೇಳುತ್ತಿದ್ದೇನೆ, ನಿಮಗೆ ಹೊಸ ಮಷಿನ್ ಬೇಡ.

ಬೇರೆಯವರಿಗೂ ಒಂದು ಅಂದಾಜು ಹೇಳುತ್ತೇನೆ. ಟ್ಯಾಂಕ್ ಮಷಿನ್ ಐದು ವರ್ಷ ಬಾಳುತ್ತದೆ ಎಂದುಕೊಳ್ಳಿ. ಹೊರಗೆ ಬಿಡಿ ಪ್ರಿಂಟ್‌ಗೆ 3 ರೂಪಾಯಿ ಕೊಡುವವರಿಗೆ ವರ್ಷಕ್ಕೆ ಸಾವಿರ ಪುಟ ದಾಟಿದರೆ ಮಾತ್ರ ಅದು ಲಾಭ. ಒಂದೂವರೆಗೆ ಜೆರಾಕ್ಸ್ ಸಿಗುವವರಿಗೆ ಎರಡು ಸಾವಿರದ ಎಂಟುನೂರು ದಾಟಬೇಕು. ಕಪ್ಪಕ್ಷರ ಮಾತ್ರ ಸಾಕು, ಆದರೆ ಯಾವಾಗ ಬೇಕಾಗುತ್ತದೋ ಗೊತ್ತಿಲ್ಲ ಅನ್ನುವ ಮನೆಗೆ ಲೇಸರ್. ಠಾಣೆಯ ತಂಗಿಗೂ ಅದೇ ಸರಿ. ಅಗ್ಗದ ಕಾರ್ಟ್ರಿಡ್ಜ್ ಮಷಿನ್ ಯಾರಿಗೆ ಒಳ್ಳೆಯದು ಎಂದು ಕೇಳಿದರೆ ನನ್ನ ಬಳಿ ಉತ್ತರ ಇಲ್ಲ. ತಿಂಗಳಿಗೆ ಐದಾರು ಪುಟ ತೆಗೆಯುವವರಿಗೆ ಅಂದುಕೊಳ್ಳೋಣ ಎಂದರೆ, ಅವರ ಇಂಕೇ ತೊಳೆಯುವುದರಲ್ಲಿ ಹೆಚ್ಚು ಹೋಗುತ್ತದೆ.

ಮನೆಯಲ್ಲಿ ಈಗಾಗಲೇ ಇರುವವರು ಒಂದು ಕೆಲಸ ಮಾಡಿ. ಸೆಟ್ಟಿಂಗ್‌ನಲ್ಲಿ ಗ್ರೇಸ್ಕೇಲ್, ಕಪ್ಪು ಇಂಕ್ ಮಾತ್ರ ಎಂದು ಆರಿಸಿ. ಇಲ್ಲದಿದ್ದರೆ ಎಷ್ಟೋ ಮಷಿನ್‌ಗಳು ಮೂರು ಬಣ್ಣ ಬೆರೆಸಿ ಕಪ್ಪು ಮಾಡುತ್ತವೆ. ಡ್ರಾಫ್ಟ್, ಅಂದರೆ ತೆಳುವಾಗಿ ಪ್ರಿಂಟ್ ಆಗುವ ಸೆಟ್ಟಿಂಗ್ ಇಟ್ಟರೆ ಇಂಕ್ ಇನ್ನೂ ಕಡಿಮೆ. ಗೋಡೆಯ ಸ್ವಿಚ್ ನೇರವಾಗಿ ಆರಿಸಬೇಡಿ, ಮೊದಲು ಮಷಿನ್‌ನ ಬಟನ್ ಒತ್ತಿ. ಹೆಡ್ ತನ್ನ ಮುಚ್ಚಳದ ಕೆಳಗೆ ಹೋಗಿ ಕೂರುತ್ತದೆ, ಒಣಗುವುದಿಲ್ಲ. ಹಾಳಾದ ಮಷಿನ್, ಖಾಲಿ ಡಬ್ಬಿ ಕಸಕ್ಕೆ ಹಾಕಬೇಡಿ, ಅವು ಇ-ತ್ಯಾಜ್ಯದ ನಿಯಮದಲ್ಲಿ ಸೇರಿವೆ.


ಟ್ಯಾಂಕೇ ಸರಿ, ಪಿಂಪ್ರಿ

ಬೇಸರ ಏನಿಲ್ಲ ಅಣ್ಣ. ಜೆರಾಕ್ಸ್ ಲೆಕ್ಕ ನಾನು ಹಾಕಿಯೇ ಇರಲಿಲ್ಲ. ನಮ್ಮ ಮನೆಗೆ ಟ್ಯಾಂಕೇ ಸರಿ, ಅಕ್ಕನ ತರಗತಿಗೆ ಇದೇ ಸರಿ.


ಭಾನುವಾರದ ಟೀಚರ್, ಡೊಂಬಿವಲಿ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಜೂನ್ ಕೊನೆ ಬಂತು, ಮೂರು ತರಗತಿ ಆದವು.

ಪುಣೆಯ ಅಣ್ಣ ಹೇಳಿದ ಮೇಲೆ, ಎತ್ತಿಟ್ಟಿದ್ದ ಒಂದು ಹಳೇ ಬಣ್ಣದ ಡಬ್ಬಿಯ ತಳವನ್ನು ಒದ್ದೆ ಟಿಶ್ಯೂ ಮೇಲೆ ಒತ್ತಿ ನೋಡಿದೆ. ನೀಲಿ ಗಾಢವಾಗಿ ಬಂತು, ಗುಲಾಬಿ ಸ್ವಲ್ಪ ಬಂತು, ಹಳದಿಯ ಜಾಗದಲ್ಲಿ ಏನೂ ಇಲ್ಲ. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮಷಿನ್ ಬಗ್ಗೆ ದೂರು ಬರೆಯಲು ಶುರು ಮಾಡಿದ್ದೇವೆ, ಕಾನೂನು ಓದುವ ಪುಣೆಯ ತಮ್ಮ ಜೊತೆಗಿದ್ದಾನೆ.

ಮಾಟುಂಗಾದ ಅಜ್ಜನ ಹಾಳೆಗಳು ಬಂದವು. ಒಂದರಲ್ಲಿ ‘ಕ’ದ ಒತ್ತುಗಳು, ಇನ್ನೊಂದರಲ್ಲಿ ಅಕ್ಕಿ, ಹಕ್ಕಿ, ಚಿಕ್ಕಿ, ಬೆಕ್ಕು. ಪಕ್ಕದಲ್ಲಿ ಅವರೇ ಬರೆದ ಒಂದು ಬೆಕ್ಕು, ಬಾಲ ಹಾಳೆಯ ಮೂಲೆಯವರೆಗೆ ಹೋಗಿದೆ. ಸ್ಟೇಷನ್ ರಸ್ತೆಯ ಅಂಗಡಿಯವರು ಮಕ್ಕಳಿಗೆ ಎಂದು ಕೇಳಿ ಒಂದೂವರೆಗೆ ಒಪ್ಪಿದರು. ಶನಿವಾರ ಸಂಜೆ 44 ಪ್ರತಿ, 66 ರೂಪಾಯಿ. ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ.

ಅಂಚಿನ ಬಣ್ಣ ತೆಗೆದೆ. ಎರಡು ಗೆರೆ ಎಳೆದು ನಡುವೆ ಖಾಲಿ ಬಿಡಿ ಎಂದು ಅಜ್ಜನಿಗೆ ಹೇಳಿದ್ದೆ. ಈಗ ಮಕ್ಕಳೇ ಕ್ರೇಯಾನ್‌ನಲ್ಲಿ ಮೇಲೆ ಅರಿಶಿನ, ಕೆಳಗೆ ಕುಂಕುಮ ತುಂಬುತ್ತಾರೆ. ಕಲಬುರಗಿಯ ಪುಟ್ಟ ಹುಡುಗ ಒಬ್ಬನಿಗೆ ಹಳದಿ ಕಡ್ಡಿ ಮುಗಿದಿತ್ತು, ಪಕ್ಕದವಳು ತನ್ನದನ್ನು ಮುರಿದು ಅರ್ಧ ಕೊಟ್ಟಳು.

ಅಜ್ಜ, ಮುಂದಿನ ವಾರ ‘ತ್ತ’ ಮತ್ತು ‘ತ್ರ’ ಎರಡೂ ಒಂದೇ ಹಾಳೆಯಲ್ಲಿ ಬೇಕು. ವಾಸ್ಕೊದವರು ಹೇಳಿದ್ದು ನಿಜ, ಮಕ್ಕಳು ಅಲ್ಲೇ ತಡವರಿಸುತ್ತಿದ್ದಾರೆ.


ಹಳೇ ಸ್ಟೆನ್ಸಿಲ್, ಮಾಟುಂಗಾ

ಬರೆದು ಇಟ್ಟಿದ್ದೇನೆ ಮಗಳೇ. ಹತ್ತು, ಮುತ್ತು, ಪುತ್ರ, ಚಿತ್ರ. ‘ಛತ್ರಿ’ಯನ್ನೂ ಸೇರಿಸಿದ್ದೇನೆ, ಮಳೆ ಜೋರಾಗಿದೆಯಲ್ಲ. ಮೊಮ್ಮಗನಿಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕೊಡುತ್ತೇನೆ.